ಕೇಳುಗೊಡಲಿ ದಿಬ್ಬ

ಹಿರೇಕವಣೆಯಿಂದ ಕೋಟೆಹಾಳಿಗೆ ಹೋಗುವ ರಸ್ತೆ ಬಯಲಿನುದ್ದಕ್ಕೂ ಹಗ್ಗ ಎಳೆದಂತೆ ನೆಟ್ಟಗೆ ಬರುತ್ತದೆ. ದಿಬ್ಬ ಹತ್ತಿ ನೆತ್ತಿ ಮುಟ್ಟಿದಾಗ ಮಾತ್ರ, ಅಡ್ಡಲಾಗಿ ಬಂಡೆಯಾಗಲಿ ಹಳ್ಳವಾಗಲಿ ಇಲ್ಲದಿದ್ದರೂ, ಎಡಕ್ಕೆ ಹೊರಳಿ ಒಂದು ಮರವನ್ನು ಬಳಸಿಕೊಂಡು ಇಳಿಯುತ್ತದೆ. ಅದು ಕಮರದ ಮರ. ಆ ಸೀಮೆಯವರಿಗೆ ಕಮರದ ಪರಿಚಯ ಬೇಕಿಲ್ಲ. ಹೊರಗಿನವರಿಗೆ ಹೇಳುವುದಾದರೆ, ಅದು ಮಳೆ ಕಡಿಮೆ ಬೀಳುವ ಕಲ್ಲುನೆಲದಲ್ಲಿ ನಿಧಾನವಾಗಿ ಬೆಳೆದು ಬಹಳ ಎತ್ತರಕ್ಕೆ ಹೋಗುವ ಮರ. ಎಲೆ ಆಡಿನ ಗೊರಸಿನಂತೆ ನಡುವೆ ಸೀಳಿ ಎರಡಾಗಿರುತ್ತದೆ. ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಒಳಗಿನ ಚೇಗು ಕಪ್ಪುಗೆಂಪು. ನೀರಿಗೆ ಹಾಕಿದರೆ ಕಲ್ಲಿನಂತೆ ಮುಳುಗುತ್ತದೆ, ಗೆದ್ದಲು ಅದರ ತಂಟೆಗೆ ಹೋಗುವುದಿಲ್ಲ. ಸುತ್ತಲಿನ ಗುಡ್ಡಗಳೆಲ್ಲ ಬೋಳಾಗಿ ನಿಂತಿರುವಾಗ ಈ ಒಂದು ದಿಬ್ಬ ಮಾತ್ರ ಅಡಿಯಿಂದ ನೆತ್ತಿಯವರೆಗೆ ಕಮರದಿಂದ ತುಂಬಿದೆ. ರಸ್ತೆ ಬಳಸಿ ಹೋಗುವ ಮರ ಅವುಗಳಲ್ಲೆಲ್ಲ ದೊಡ್ಡದು. ಅದರ ಬೊಡ್ಡೆಯಲ್ಲಿ, ನಿಂತ ಮನುಷ್ಯನ ಎದೆಯ ಮಟ್ಟಕ್ಕೆ, ಮುಚ್ಚಿದ ತುಟಿಗಳಂಥ ಒಂದು ಉಬ್ಬು ಇದೆ. ದಿಬ್ಬದ ಹೆಸರು ಕೇಳುಗೊಡಲಿ. ಬಸ್ಸಿನ ಕಂಡಕ್ಟರುಗಳ ಬಾಯಲ್ಲಿ ಅದು ‘ಕೇಳ್ಗೊಡ್ಲಿ’. ಅಲ್ಲಿ ಇಳಿಯುವವರು ಕಡಿಮೆ. ಇಳಿದವರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹಿಂದೆ ಒಮ್ಮೆ, ಕೋಟೆಹಾಳು ಹಾಳಾಗದೆ ಬರೀ ಕೋಟೆಯಾಗಿದ್ದ ಕಾಲದಲ್ಲಿ, ದಿಬ್ಬದ ಬುಡದ ಕವಣೆಹಟ್ಟಿಯಲ್ಲಿ ಮರ ಕಡಿಯುವವರ ಮನೆಗಳಿದ್ದವು. ಕೋಟೆಗೆ ತೊಲೆ, ಕಂಬ, ಗಾಡಿಯ ಅಚ್ಚು, ಗಾಣದ ಒರಳು, ಏನು ಬೇಕಾದರೂ ನಾಯಕನ ಕಡೆಯಿಂದ ಹಟ್ಟಿಗೆ ಆಳು ಬರುತ್ತಿದ್ದ. ಆ ಹಟ್ಟಿಯವರಿಗೆ ಒಂದು ಕಟ್ಟಳೆ ಇತ್ತು. ದೊಡ್ಡ ಮರವನ್ನು ಕೇಳದೆ ಕಡಿಯುವಂತಿಲ್ಲ. ಕೇಳುವುದಕ್ಕೆಂದೇ ತಲೆಮಾರಿನಿಂದ ಬಂದ ಒಂದು ಕೊಡಲಿ ಇತ್ತು. ಅದನ್ನು ಬೇರೆ ಯಾವ ಕೆಲಸಕ್ಕೂ ಬಳಸುತ್ತಿರಲಿಲ್ಲ, ಕೇಳುಗೊಡಲಿ ಎಂದೇ ಕರೆಯುತ್ತಿದ್ದರು. ಹೊತ್ತು ಇಳಿಯುವಾಗ ಹಟ್ಟಿಯ ಹಿರಿಯ ಆ ಕೊಡಲಿಯನ್ನು ಮರದ ಬುಡಕ್ಕೆ ಒಯ್ದು, ಎದೆಯೆತ್ತರದ ಅದರ ಹಿಡಿಯ, ಅಂದರೆ ಕಾವಿನ, ತುದಿಯನ್ನು ನೆಲಕ್ಕೂರಿ, ಅಲಗನ್ನು ತೊಗಟೆಗೆ ಮೆಲ್ಲಗೆ ಒರಗಿಸುತ್ತಿದ್ದ. ಒತ್ತುವಂತಿಲ್ಲ, ಸಿಕ್ಕಿಸುವಂತಿಲ್ಲ. ಆಮೇಲೆ ಮರಕ್ಕೆ ಕೇಳುವಂತೆ ಹೇಳುತ್ತಿದ್ದ: ‘ಹಕ್ಕಿ ಇದ್ರೆ ಹಾರಿ ಹೋಗ್ಲಿ. ಹಾವಿದ್ರೆ ಹರಿದು ಹೋಗ್ಲಿ. ದೇವರಿದ್ರೆ ಇನ್ನೊಂದು ಮರಕ್ಕೆ ನಡೀಲಿ. ನಾಳೆ ಬರ್ತೀವಿ.’ ಜೊತೆಗೆ ಹೋದ ಸಾಕ್ಷಿಯವನು ಅಷ್ಟು ಹೊತ್ತೂ ಮರಕ್ಕೆ ಬೆನ್ನು ಮಾಡಿ ನಿಂತಿರಬೇಕು. ಬೆಳಗ್ಗೆ ಹಟ್ಟಿಯವರೆಲ್ಲ ಬಂದು ನೋಡಿದಾಗ ಕೊಡಲಿ ಒರಗಿಯೇ ಇದ್ದರೆ ಮರ ಒಪ್ಪಿದಂತೆ. ಕೇಳಿದವನು ಅದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹಿಂದೆ ಸರಿಯುತ್ತಿದ್ದ, ಉಳಿದವರು ಕೆಲಸಕ್ಕೆ ಇಳಿಯುತ್ತಿದ್ದರು. ಬಿದ್ದಿದ್ದರೆ ಆ ಮರದ ಗೊಡವೆಗೆ ಹೋಗುತ್ತಿರಲಿಲ್ಲ. ಆ ಕೊಡಲಿ ಮರದ ಬುಡದಲ್ಲಿ ಇರುವವರೆಗೆ ಇನ್ನೊಂದು ಕೊಡಲಿ ಆ ಮರವನ್ನು ಮುಟ್ಟುವುದೂ ಇಲ್ಲ. ಆ ಸೀಮೆಯ ಮರ ಕಡಿಯುವವರೆಲ್ಲ ಇದನ್ನು ನಡೆಸಿಕೊಂಡು ಬಂದಿದ್ದರು ಎನ್ನುತ್ತಾರೆ.

ಆಗ ಕೇಳುವ ಹಿರಿಯನಾಗಿದ್ದವನು ಕಾಟಯ್ಯ. ಹರೆಯದಿಂದ ಮುಪ್ಪಿನವರೆಗೆ ಅವನು ಮರಗಳನ್ನು ಕೇಳಿದ್ದ. ಬಹಳ ಮರಗಳು ಒಪ್ಪಿದ್ದವು. ಅದರಿಂದಾಗಿಯೇ ದಿಬ್ಬ ತೆಳುವಾಗುತ್ತ ಬಂದಿತ್ತು. ಮೊದಲು ಮನೆಯ ಹಿಂದೆಯೇ ಸಿಗುತ್ತಿದ್ದ ಮರಕ್ಕೆ ಈಗ ಏದುಸಿರು ಬಿಡುತ್ತ ಮೇಲೆ ಹತ್ತಬೇಕು. ಕೋಟೆ ಮಾತ್ರ ಸಾಕು ಎಂದು ಯಾವತ್ತೂ ಹೇಳಲಿಲ್ಲ. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಕುಸಿಯುತ್ತಿತ್ತು. ಕಾಟಯ್ಯನಿಗೆ ಸೊಂಟ ಹಿಡಿದಿತ್ತು, ಎಡಗಣ್ಣು ಮಂಜಾಗಿತ್ತು. ಕೆಲಸ ಬಿಟ್ಟು ಕೂರೋಣ ಎಂದರೆ ಕೊಡಲಿಯನ್ನು ಒಪ್ಪಿಸಬೇಕಾದ ಮಗ ಪಾಲಯ್ಯನನ್ನು ಕೋಟೆಯವರು ಹೆಬ್ಬಾಗಿಲಿನ ಕಾವಲಿಗೆ ಕರೆದುಕೊಂಡು ಹೋಗಿದ್ದರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹೆಬ್ಬಾಗಿಲಿನ ಅಗಳಿ ಸೀಳಿತು. ಕದಗಳನ್ನು ಮುಚ್ಚಿದ ಮೇಲೆ ಹಿಂದಿನಿಂದ ಅಡ್ಡಕ್ಕೆ ಸರಿಸುವ ಮರದ ದಿಮ್ಮಿಯೇ ಅಗಳಿ. ಬಾಗಿಲಿನ ಬಲವೆಲ್ಲ ಅದರಲ್ಲಿರುತ್ತದೆ. ಉತ್ತರದ ಕಡೆಯಿಂದ ಕುದುರೆಯವರು ದಂಡೆತ್ತಿ ಬರುತ್ತಾರೆಂಬ ಸುದ್ದಿ ಬೇರೆ ಹಬ್ಬಿತ್ತು. ಕಾಟಯ್ಯ ಮಗನಿಗೆ ರೊಟ್ಟಿಯ ಗಂಟು ತೆಗೆದುಕೊಂಡು ಕೋಟೆಗೆ ಹೋದಾಗ ಬಾಗಿಲ ಹಿಂದೆ ಆಳುಗಳು ಸಾಲಾಗಿ ನಿಂತು ಕದಕ್ಕೆ ಹೆಗಲು ಕೊಡುವುದನ್ನು ಕಲಿಯುತ್ತಿದ್ದರು. ಹೊರಗಿನಿಂದ ಕೋಟೆಯ ಆನೆಯೊಂದು ಹಣೆಯಿಂದ ಕದವನ್ನು ನೂಕುತ್ತಿತ್ತು. ಆಳುಗಳ ಕಾಲುಗಳು ಮಣ್ಣಿನಲ್ಲಿ ಹಿಂದಕ್ಕೆ ಜಾರುತ್ತಿದ್ದವು. ಆಟ ನಿಂತ ಮೇಲೆ ಪಾಲಯ್ಯ ಹೆಗಲು ತಿಕ್ಕಿಕೊಳ್ಳುತ್ತ ಬಂದ.

‘ನೋಡಪ್ಪಯ್ಯ, ನಾನೀಗ ಅಗಳಿ. ನಂಗೆ ಗೆದ್ದಲು ಹಿಡಿಯಲ್ಲ, ತಿಗಣೆ ಮಾತ್ರ’ ಎಂದ.

‘ನಿಜವಾಗ್ಲೂ ಅವರು ಬಂದ್ರೆ?’

‘ಮುಂದಿನ ಸಾಲಿನಾಗೆ ನಾನು, ಮುದ್ದಯ್ಯನ ಮಗ ಬೋರ, ಇನ್ನೊಂದಿಷ್ಟು ಜನ. ಕದ ಒಳಕ್ಕೆ ಬಿದ್ರೆ ಮೊದಲು ನಮ್ಮ ಮ್ಯಾಲೆ.’ ಅವನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ‘ಹೊಸ ಅಗಳಿ ಬಂದ್ರೆ ನಮ್ಮನ್ನ ಗೋಡೆ ಮ್ಯಾಲೆ ಹಾಕ್ತಾರಂತೆ. ಅಲ್ಲಿ ಗಾಳಿನಾದ್ರೂ ಬೀಸ್ತದೆ.’

ಪಾರುಪತ್ಯಗಾರ ನರಸಪ್ಪಯ್ಯ ಅಲ್ಲೇ ನೆರಳಿನಲ್ಲಿ ನಿಂತಿದ್ದ. ಬಾಗಿಲಿನ ಅಗಲಕ್ಕೆ ಸಾಲುವ, ಎಲ್ಲೂ ತಿರುಚದ ಕಮರದ ದಿಮ್ಮಿ ಬೇಕು, ಮಹಾನವಮಿಯ ಒಳಗೆ ಬೇಕು ಎಂದ. ಅಷ್ಟುದ್ದ ನೆಟ್ಟಗಿನ ಕಮರ ದಿಬ್ಬದಲ್ಲಿ ಉಳಿದಿದ್ದುದು ನೆತ್ತಿಯ ಮೇಲಿನ ಒಂದೇ. ಕಾಟಯ್ಯ ಆ ಮರವನ್ನು ಬಲ್ಲ. ಅವನ ತಂದೆ ಅದನ್ನು ಒಮ್ಮೆ ಕೇಳಿದ್ದ. ಬೆಳಗ್ಗೆ ಹೋಗಿ ನೋಡಿದಾಗ ಕೊಡಲಿ ಬುಡದಿಂದ ಉರುಳಿ ಕಲ್ಲಿನ ಮೇಲೆ ಬಿದ್ದಿತ್ತು. ಆಗ ಕಾಟಯ್ಯ ತಂದೆಯ ಪಕ್ಕದಲ್ಲೇ ನಿಂತಿದ್ದ. ಒಂದು ತಲೆಮಾರು ಕಳೆದರೆ ಬೇಡವೆಂದ ಮರವನ್ನೂ ಮತ್ತೊಮ್ಮೆ ಕೇಳಬಹುದು. ಕಟ್ಟಳೆ ಅದಕ್ಕೆ ಅಡ್ಡಿಯಾಗಿರಲಿಲ್ಲ. ಆದರೆ ದಾರಿಯುದ್ದಕ್ಕೂ ಅವನಿಗೆ ಕಾಣುತ್ತಿದ್ದುದು ಕಲ್ಲಿನ ಮೇಲೆ ಬಿದ್ದ ಕೊಡಲಿ, ಮಣ್ಣಿನಲ್ಲಿ ಜಾರುವ ಮಗನ ಕಾಲು. ಮನೆಗೆ ಬಂದಾಗ ಸೊಸೆ ಸೂರಮ್ಮ ಬಾಗಿಲಲ್ಲೇ ಕೇಳಿದಳು.

‘ಮಾವ, ಮರ ಒಲ್ಲೆ ಅಂದ್ರೆ ಏನ್ ಮಾಡ್ತೀರಾ?’

‘ಅನ್ನಲ್ಲ ಬಿಡವ್ವ.’

‘ನಿಮ್ಮ ಅಪ್ಪಂಗೆ ಅಂದಿತ್ತಂತೆ.’

‘ಅವತ್ತು ಅದರ ಮಾತು ಅದಕ್ಕೆ. ಇವತ್ತು ನಮ್ಮ ಮಾತೂ ಒಂದಿಷ್ಟು ಕೇಳ್ಲಿ’ ಎಂದು ಕಾಟಯ್ಯ ಒಳಗೆ ಹೋಗಿ, ಸೂರಿನಲ್ಲಿ ಸಿಕ್ಕಿಸಿದ್ದ ಕೇಳುಗೊಡಲಿಯನ್ನು ತೆಗೆದು ಒರೆಸಿದ.

ಸಾಕ್ಷಿಗೆ ಬಂದವನು ಮುದ್ದಯ್ಯ. ಕಾಟಯ್ಯನಿಗಿಂತ ಸ್ವಲ್ಪ ಕಿರಿಯ, ಬಾಯಿ ಜೋರು, ಕೆಲಸವೂ ಜೋರು. ಅವನ ಮಗ ಬೋರ ಪಾಲಯ್ಯನ ಪಕ್ಕದಲ್ಲೇ ಕದಕ್ಕೆ ಹೆಗಲು ಕೊಟ್ಟಿದ್ದ. ನೆತ್ತಿ ಮುಟ್ಟಿದಾಗ ಇಳಿಬಿಸಿಲು ಮರದ ಮೇಲುಗಡೆ ಮಾತ್ರ ಉಳಿದಿತ್ತು. ಮುದ್ದಯ್ಯ ಬೆನ್ನು ಮಾಡಿ, ಕೆಳಗೆ ಕಾಣುವ ಕೋಟೆಯನ್ನು ನೋಡುತ್ತ ನಿಂತ. ಕಾಟಯ್ಯ ಕಾವನ್ನು ನೆಲಕ್ಕೂರಿ ಅಲಗನ್ನು ತೊಗಟೆಗೆ ಒರಗಿಸಿದ. ಕೈ ಬಿಟ್ಟ. ಕೊಡಲಿ ಒಂದು ಕೂದಲೆಳೆಯಷ್ಟು ಜಾರಿದಂತಾಯಿತು. ಜಾರಿತೋ, ಅವನ ಕಣ್ಣಿನ ಮಂಜೋ, ಯಾರಿಗೆ ಗೊತ್ತು? ಮತ್ತೆ ಒರಗಿಸಿದ. ಮತ್ತೆ ಹಾಗೇ ಅನ್ನಿಸಿತು. ಬೆಳಗಿನವರೆಗೆ ಇದು ಹೀಗೆಯೇ ನಿಲ್ಲಬೇಕು, ನಡುವೆ ಗಾಳಿ ಬೀಸುತ್ತದೆ, ನರಿ ಓಡಾಡುತ್ತದೆ. ಅವನು ಕೊಡಲಿಯನ್ನು ಎದೆಯ ಮಟ್ಟಕ್ಕೆ ಎತ್ತಿ, ಒಂದೇ ಒಂದು ಏಟಿನಲ್ಲಿ ಅಲಗಿನ ತುದಿಯನ್ನು ಮರಕ್ಕೆ ಕಚ್ಚಿಸಿದ. ಅದು ಕದಲದೆ ನಿಂತಿತು. ಆಮೇಲೆ ನೆಲ ಬಿಟ್ಟು ನಿಂತ ಕಾವಿನ ತುದಿಗೆ, ಅದು ನೆಲಕ್ಕೂರಿದಂತೆಯೇ ಕಾಣುವ ಹಾಗೆ, ಒಂದು ತುಂಡು ಕೋಲನ್ನು ಕೊಟ್ಟು ನಿಲ್ಲಿಸಿದ.

‘ಏನದು ಸದ್ದು?’ ಎಂದ ಮುದ್ದಯ್ಯ, ತಿರುಗದೆ.

‘ಮರಕುಟಿಗ.’

‘ಈ ಹೊತ್ತಿನಾಗೆ?’

‘ಅದಕ್ಕೂ ಮನೇಲಿ ಏನೋ ತಾಪತ್ರಯ ಇರಬೇಕು.’

ಮುದ್ದಯ್ಯ ಕೋಟೆಯಿಂದ ಕಣ್ಣು ತೆಗೆಯದೆ, ‘ಇರಬೌದು. ಎಲ್ಲಾರ ಮನೇಲೂ ಐತೆ’ ಎಂದ. ಕಾಟಯ್ಯ ಹಕ್ಕಿಗೆ, ಹಾವಿಗೆ, ದೇವರಿಗೆ ಹೇಳುವುದನ್ನು ಹೇಳಿದ.

ಮರುದಿನ ಹಟ್ಟಿಯವರೆಲ್ಲ ದಿಬ್ಬ ಹತ್ತಿದರು. ನರಸಪ್ಪಯ್ಯನೂ ಕುದುರೆ ಏರಿ ಬಂದಿದ್ದ. ಕೊಡಲಿ ನಿಂತೇ ಇತ್ತು. ಹೆಂಗಸರು ನಿಟ್ಟುಸಿರು ಬಿಟ್ಟರು, ಸೂರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಟಯ್ಯ ಮುಂದೆ ಹೋಗಿ, ಕೋಲು ಕಾಣದಂತೆ ಕಾಲಿನಿಂದ ಸರಿಸಿ, ಒಂದು ಕೈಯಲ್ಲಿ ಕಾವು ಹಿಡಿದೆತ್ತಿದ. ಅದು ಬರಲಿಲ್ಲ. ಎರಡೂ ಕೈ ಹಾಕಿದ. ಬರಲಿಲ್ಲ. ಬೇರೆ ಮರವಾಗಿದ್ದರೆ ಕಾವನ್ನು ಒಮ್ಮೆ ಮೇಲಕ್ಕೊಮ್ಮೆ ಕೆಳಕ್ಕೆ ಆಡಿಸಿದರೆ ಅಲಗು ಸಡಿಲಾಗುತ್ತದೆ. ಇದು ಹಾಗಾಗಲಿಲ್ಲ. ಹಸಿ ಕಮರ ಕಬ್ಬಿಣವನ್ನು ಹಿಡಿದರೆ ಬಿಡುವುದಿಲ್ಲ ಎಂದು ಆ ಕಡೆಯ ಬಡಗಿಗಳು ಈಗಲೂ ಹೇಳುತ್ತಾರೆ. ದಿಬ್ಬದ ದೇವಿಯೇ ಒಳಗಿನಿಂದ ಹಿಡಿದುಕೊಂಡಳು ಎನ್ನುವವರೂ ಇದ್ದಾರೆ. ಹೇಗಾದರೂ ಆಗಲಿ, ಕಾಟಯ್ಯ ಕಾಲನ್ನು ಬೊಡ್ಡೆಗೆ ಒತ್ತಿ, ಬೆವರು ಸುರಿಸಿ ಎಳೆಯುವುದನ್ನು ಹಟ್ಟಿಗೆ ಹಟ್ಟಿಯೇ ನೋಡಿತು. ಏನಾಗಿದೆ ಎಂಬುದು ಯಾರೂ ಹೇಳದೆ ಎಲ್ಲರಿಗೂ ತಿಳಿಯಿತು.

ಮುದ್ದಯ್ಯನೇ ಬಾಯಿ ಬಿಟ್ಟ. ‘ಕಾಟಣ್ಣ, ನಿನ್ನೆಯ ಮರಕುಟಿಗ ಕೊಡಲಿ ಹಿಡ್ಕೊಂಡು ಬಂದಿತ್ತೇನೋ.’

ನರಸಪ್ಪಯ್ಯ ಕುದುರೆಯ ಮೇಲಿನಿಂದಲೇ, ‘ನಿಂತಿದೆಯಲ್ಲ, ಇನ್ನೇನು? ಬೇರೆ ಕೊಡಲಿ ತಂದು ಕಡೀರಿ’ ಎಂದ.

‘ಆಗಲ್ಲ ಬುದ್ಧಿ’ ಎಂದಳು ಹಟ್ಟಿಯ ಮುದುಕಿಯೊಬ್ಬಳು. ‘ಒರಗಿದ್ರೆ ಹೂಂ ಅಂತ, ಬಿದ್ರೆ ಊಹೂಂ ಅಂತ. ಇದು ಎರಡೂ ಅಲ್ಲ. ಕೊಡಲಿ ಕೈಗೆ ಬರೋ ತನಕ ಮರ ಇನ್ನೂ ಮಾತಾಡಿಲ್ಲ.’

‘ನಾಯಕರಿಗೆ ಹೋಗಿ ಇದನ್ನೇ ಹೇಳಲಾ? ಮರ ಮಾತಾಡಿಲ್ಲ ಅಂತ?’

‘ಹೇಳ್ರಿ. ಅವರ ಮನೆ ಕಂಬಾನೂ ನಾವು ಕೇಳೇ ತಂದಿದ್ದು.’

ನರಸಪ್ಪಯ್ಯ ಮಾತಿಗೆ ಬಗ್ಗುವವನಲ್ಲ. ಹೊಳೆಯಾಚೆಯ ಮರ ಕಡಿಯುವವರನ್ನು ಕರೆಸಿದ. ಅವರು ನೆತ್ತಿಗೆ ಬಂದು, ಬೊಡ್ಡೆಯಲ್ಲಿ ಕೊಡಲಿ ಕಂಡ ಕೂಡಲೇ ತಲೆಯ ವಸ್ತ್ರ ತೆಗೆದು ನಿಂತರು. ಯಾರೋ ಆಗಲೇ ಕೇಳುತ್ತಿದ್ದಾರೆ ಎಂದು ಹೇಳಿ ಬಂದ ದಾರಿಯಲ್ಲೇ ಹೋದರು. ಕೊನೆಗೆ ಅವನು ತಾನೇ ಒಂದು ಕೊಡಲಿ ಎತ್ತಿ ಬೀಸಿದ. ಕಮರ ಕಡಿದು ಗೊತ್ತಿಲ್ಲದ ಕೈ. ಏಟು ಹಿಂದಕ್ಕೆ ಚಿಮ್ಮಿ ಮಣಿಕಟ್ಟು ಉಳುಕಿತು. ಕೈಗೆ ಬಟ್ಟೆ ಸುತ್ತಿಕೊಂಡು ಕೋಟೆಗೆ ಮರಳಿದವನು ಅಗಳಿಯ ಮಾತು ಎತ್ತುವುದನ್ನೇ ಬಿಟ್ಟ. ಬಾಗಿಲ ಹಿಂದೆ ಇನ್ನಷ್ಟು ಆಳುಗಳನ್ನು ನಿಲ್ಲಿಸಿದರು.

ಕಾಟಯ್ಯ ಮಾತ್ರ ದಿನವೂ ದಿಬ್ಬ ಹತ್ತಿದ. ಸೂರಮ್ಮ ಅವನೊಡನೆ ಮಾತಾಡುವುದನ್ನು ಬಿಟ್ಟಿದ್ದಳು. ಗಂಜಿಯ ಮಡಕೆಯನ್ನು ಹೊಸಿಲಲ್ಲಿಟ್ಟು ಒಳಗೆ ಹೋಗುತ್ತಿದ್ದಳು. ಅವನು ಅದನ್ನು ತೆಗೆದುಕೊಂಡು ನೆತ್ತಿಗೆ ಹೋಗಿ, ಕಾವು ಹಿಡಿದು ಆಡಿಸುತ್ತಿದ್ದ. ಎಣ್ಣೆ ಬಿಟ್ಟು ನೋಡಿದ, ಬೆಣೆ ಹೊಡೆಯಲು ಹೋಗಿ ಮರಕ್ಕೆ ಇನ್ನೊಂದು ಗಾಯವಾಗುತ್ತದೆಂದು ಕೈ ತಡೆದ. ದಣಿದಾಗ ಬುಡದಲ್ಲಿ ಕೂತು ಕೋಟೆಯ ಕಡೆ ನೋಡುತ್ತಿದ್ದ. ಅಲ್ಲಿಂದ ಹೆಬ್ಬಾಗಿಲು ಬೆರಳಿನ ಉಗುರಿನಷ್ಟು ಕಾಣುತ್ತಿತ್ತು. ಹೀಗೆ ಕೂತಿದ್ದಾಗಲೇ ಒಂದು ಹಗಲು ಉತ್ತರದ ಬಯಲಿನಲ್ಲಿ ಧೂಳೆದ್ದಿತು. ಕೋಟೆಯಲ್ಲಿ ನಗಾರಿ ಬಾರಿಸಿದರು. ಕಾಟಯ್ಯ ಎದ್ದು ಕಾವಿಗೆ ಜೋತುಬಿದ್ದ. ಈಗ ಅದು ಬಂದರೂ ಮರ ಕಡಿದು, ದಿಮ್ಮಿ ಕೆತ್ತಿ, ಎಳೆದು ಒಯ್ಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ಎಳೆದ. ಧೂಳು ಬಾಗಿಲಿಗೆ ಮುಟ್ಟುವ ಹೊತ್ತಿಗೆ ಕಾವು ಅಲಗಿನ ಹತ್ತಿರ ಮುರಿದು ಅವನ ಕೈಗೆ ಬಂತು. ಕಬ್ಬಿಣ ಮರದಲ್ಲೇ ಉಳಿಯಿತು. ಅವನು ಆ ಕಾವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಕೆಳಗಿನಿಂದ ಬರುವ ಸದ್ದಿಗೆ ಕಿವಿ ಮುಚ್ಚಿಕೊಳ್ಳುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಕುದುರೆಯವರು ಬಾಗಿಲು ಮುರಿಯಲಾಗದೆ ಹಿಂದಿರುಗಿದರು. ಆಮೇಲಿನ ಒಂದು ಮುಂಜಾನೆ ಪಾಲಯ್ಯ ಮನೆಗೂ ಹೋಗದೆ ನೇರವಾಗಿ ದಿಬ್ಬ ಹತ್ತಿ ಬಂದ. ಬಲಹೆಗಲು ಕೆಳಗೆ ಇಳಿದಿತ್ತು, ಕೈ ನೇತಾಡುತ್ತಿತ್ತು. ಅಪ್ಪನ ಪಕ್ಕದಲ್ಲಿ ನಿಂತು, ನೋಯುವ ಹೆಗಲನ್ನು ಮರಕ್ಕೆ ಆನಿಸಿದ.

‘ಬಾಗಿಲು ನಿಲ್ತಾ?’ ಎಂದ ಕಾಟಯ್ಯ.

‘ನಿಲ್ತು. ನಾವು ನಿಂತಿದ್ದಕ್ಕೆ ಅದೂ ನಿಲ್ತು.’

‘ಬೋರ?’

ಪಾಲಯ್ಯ ಕೋಟೆಯ ಕಡೆ ತಿರುಗಿದ. ‘ಅವನು ಕಡೇವರೆಗೂ ಹೆಗಲು ತೆಗೀಲಿಲ್ಲ ಅಪ್ಪಯ್ಯ. ಎಲ್ಲಾ ಮುಗಿದ ಮ್ಯಾಲೆ ಕರೆದ್ವಿ, ಓ ಅನ್ಲಿಲ್ಲ. ಕದಕ್ಕೆ ಆತ್ಕೊಂಡೇ ಇದ್ದ’ ಎಂದ.

ಅಷ್ಟರಲ್ಲಿ ಮುದ್ದಯ್ಯ ಬಂದ. ಅವನ ಹೆಗಲ ಮೇಲೆ ಅವನದೇ ಕೊಡಲಿ ಇತ್ತು, ಹೊಸದಾಗಿ ಮಸೆದದ್ದು. ಕೆಳಗಿನ ತಿರುವಿನಲ್ಲಿ ಹಟ್ಟಿಯವರು ಕೆಲವರು ಹತ್ತಿ ಬರುತ್ತಿದ್ದರು. ಅವರಿಗೆ ಅವನನ್ನು ತಡೆಯುವ ಧೈರ್ಯವಿರಲಿಲ್ಲ. ಕಾಟಯ್ಯ ಅವನ ಮುಖ ನೋಡಿದ, ಕೊಡಲಿ ನೋಡಿದ. ಮಗನ ತೋಳು ಹಿಡಿದು ಎದ್ದು ಮರದಿಂದ ದೂರ ಸರಿದ. ಆಮೇಲೆ ಸಾಕ್ಷಿಯವನು ನಿಲ್ಲುವಂತೆ ಮರಕ್ಕೆ ಬೆನ್ನು ಮಾಡಿ ನಿಂತು, ‘ಕಡಿ ಮುದ್ದಯ್ಯ. ಸದ್ದು ಕೇಳಿದ್ರೆ ಮರಕುಟಿಗ ಅಂತೀನಿ’ ಎಂದ.

ಮುದ್ದಯ್ಯ ಕೊಡಲಿ ಎತ್ತಿದ. ಎತ್ತಿದ್ದು ಅಲ್ಲೇ ನಿಂತಿತು. ಎದೆಯ ಮಟ್ಟದಲ್ಲಿ, ಕಾವಿಲ್ಲದ ಕೇಳುಗೊಡಲಿಯ ಕಬ್ಬಿಣ ಮರದಲ್ಲಿ ಹುದುಗಿತ್ತು. ಅದರ ಸುತ್ತ ಕಪ್ಪು ಸೊನೆ ಒಸರಿ ಒಣಗಿತ್ತು. ಅವನು ಅದನ್ನೇ ನೋಡಿದ. ಕೈ ತಾನಾಗಿ ಇಳಿಯಿತು.

‘ಈಗ ಕಡಿದು ಯಾವ ಬಾಗಿಲಿಗೆ ಹಾಕ್ಲಿ?’ ಎಂದ. ಆಮೇಲೆ, ‘ಅವತ್ತು ನಂಗೆ ಗೊತ್ತಿತ್ತು ಕಾಟಣ್ಣ. ತಿರುಗಬೇಕಿತ್ತು. ನಿಂಗೆ ಒಬ್ಬ ಮಗ, ನಂಗೂ ಒಬ್ಬ ಮಗ. ಕೊಡಲಿ ನಿಲ್ಲಲಿ ಅಂತ ನಾನೂ ಅಂದ್ಕೊಂಡೆ’ ಎಂದ.

ಕಾಟಯ್ಯ ತಿರುಗಿದ. ಕೈಯಲ್ಲಿದ್ದ ಮುರಿದ ಕಾವನ್ನು ಅವನ ಕಡೆಗೆ ಚಾಚಿದ. ಮುದ್ದಯ್ಯ ಅದನ್ನು ತೆಗೆದುಕೊಂಡು ಮರದ ಬುಡಕ್ಕೆ ಮೆಲ್ಲಗೆ ಒರಗಿಸಿದ. ಒತ್ತಲಿಲ್ಲ, ಸಿಕ್ಕಿಸಲಿಲ್ಲ. ಅಂಗೈಯನ್ನು ತೊಗಟೆಯ ಮೇಲಿಟ್ಟು, ಮೇಲೆ ಬಂದು ಸೇರಿದ ಹಟ್ಟಿಯವರಿಗೆ ಕೇಳುವಂತೆ ಹೇಳಿದ: ‘ಹಕ್ಕಿ ಇದ್ರೆ ಹಾರಿ ಹೋಗ್ಲಿ. ಹಾವಿದ್ರೆ ಹರಿದು ಹೋಗ್ಲಿ. ದೇವರಿದ್ರೆ ಇನ್ನೊಂದು ಮರಕ್ಕೆ ನಡೀಲಿ. ನಾಳೆ ಬರ್ತೀವಿ.’ ಹೇಳಿ ಕೊಡಲಿ ಹೊತ್ತು ಇಳಿದು ಹೋದ. ಮರುದಿನ ಅವನು ಬರಲಿಲ್ಲ. ಯಾರೂ ಬರಲಿಲ್ಲ. ಒರಗಿಸಿದ ಕಾವು ನಿಂತಿತೋ ಬಿದ್ದಿತೋ ನೋಡಿದವರಿಲ್ಲ, ಹಾಗಾಗಿ ಮರವನ್ನು ಕೇಳುವುದು ಮುಗಿಯಲೂ ಇಲ್ಲ.

ಕೇಳುವ ಕೊಡಲಿ ಕೈಯಲ್ಲಿಲ್ಲದ ಮೇಲೆ ಹಟ್ಟಿಯವರು ಆ ದಿಬ್ಬದ ಇನ್ನೊಂದು ಮರವನ್ನೂ ಕೇಳುವಂತಿರಲಿಲ್ಲ, ಕೇಳದೆ ಕಡಿಯುವಂತಿರಲಿಲ್ಲ. ಮರ ಕಡಿಯುವ ಕೆಲಸ ಅಲ್ಲಿಗೇ ನಿಂತಿತು. ಕೊಂಬೆ ಸವರಿ, ತೊಗಟೆಯ ನಾರು ತೆಗೆದು ಹಗ್ಗ ಹೊಸೆಯುವುದನ್ನು ಹಿಡಿದುಕೊಂಡರು. ಹೆಗಲು ಇಳಿದ ಪಾಲಯ್ಯನಿಗೂ ಆ ಕೆಲಸ ಒಗ್ಗಿತು. ಸೂರಮ್ಮ ನಾರು ಹಿಂಜಿಕೊಡುವಾಗ ಮಾವನಿಗೂ ಒಂದು ಹಿಡಿ ಕೊಡುತ್ತಿದ್ದಳು ಎನ್ನುತ್ತಾರೆ. ಮಾತು ಮತ್ತೆ ಯಾವಾಗ ಶುರುವಾಯಿತೋ ಯಾರೂ ಹೇಳುವುದಿಲ್ಲ. ಕೋಟೆ ಇನ್ನೊಂದು ಸಲದ ದಾಳಿಗೆ ಬಿದ್ದು ಹಾಳಾಯಿತು. ಬೀಜಗಳು ಗಾಳಿಗೆ ಹಾರಿ ಬಿದ್ದಲ್ಲೆಲ್ಲ ಕಮರ ಮೊಳೆತು, ಬೋಳಾಗುತ್ತಿದ್ದ ದಿಬ್ಬ ಮತ್ತೆ ತುಂಬಿತು.

ರಸ್ತೆ ಅಗಲ ಮಾಡುವ ಕಾಲದಲ್ಲಿ ಮರಕ್ಕೆ ಬಿಳಿ ಪಟ್ಟೆ ಬಳಿದಿದ್ದರಂತೆ. ಕಡಿಯಲು ಬಂದ ಕೂಲಿಯವರು ಬೇರೆ ಸೀಮೆಯವರು, ಈ ಕಥೆ ಕೇಳಿದವರಲ್ಲ. ಬೊಡ್ಡೆಯಲ್ಲಿ ಕಬ್ಬಿಣ ಕಂಡು ಮೇಸ್ತ್ರಿಯನ್ನು ಕರೆದರು. ಮುಂದೆ ಏನು ಮಾತಾಯಿತೋ ತಿಳಿಯದು. ರಸ್ತೆ ಬಳಸಿಕೊಂಡು ಹೋಯಿತು. ಪಟ್ಟೆ ಈಗ ಅಳಿಸಿದೆ. ಹೋದವರಿಗೆ ಕಾಣುವುದು ಆ ಉಬ್ಬು, ಅದರ ನಡುವೆ ತುಕ್ಕು ಹಿಡಿದ ಒಂದು ಗೆರೆ. ಹಿಂದಿನವರು ಅದು ಅಂಗೈಯಷ್ಟು ಕಾಣುತ್ತಿತ್ತು ಎನ್ನುತ್ತಿದ್ದರು, ಈಗ ಬೆರಳಿಟ್ಟು ಹುಡುಕಬೇಕು. ಅದರ ಪಕ್ಕದಲ್ಲಿ, ಸ್ವಲ್ಪ ಮೇಲೆ, ತೊಗಟೆ ಸವೆದು ನುಣುಪಾದ ಒಂದು ಜಾಗವಿದೆ. ಹೊರೆ ಹೊತ್ತು ದಿಬ್ಬ ಹತ್ತಿದವರು ಹೆಗಲು ಆನಿಸುವ ಜಾಗ. ಮಹಾನವಮಿಯ ಹಿಂದಿನ ಸಂಜೆ ಕವಣೆಹಟ್ಟಿಯ ಹಗ್ಗದವರು ಇಂದಿಗೂ ಅಲ್ಲಿಗೆ ಬರುತ್ತಾರೆ. ಪೂಜೆಯಿಲ್ಲ, ಎಡೆಯಿಲ್ಲ. ಹಿರಿಯನೊಬ್ಬ ಒಂದು ಕಾವನ್ನು ಬುಡಕ್ಕೆ ಒರಗಿಸುತ್ತಾನೆ, ಉಳಿದವರು ಬೆನ್ನು ಮಾಡಿ ನಿಲ್ಲುತ್ತಾರೆ. ಅವನು ಹಕ್ಕಿಗೆ ಹೇಳುತ್ತಾನೆ, ಹಾವಿಗೆ ಹೇಳುತ್ತಾನೆ, ದೇವರಿಗೆ ಹೇಳುತ್ತಾನೆ. ಕೊನೆಗೆ ಎಲ್ಲರೂ ಒಟ್ಟಾಗಿ ‘ನಾಳೆ ಬರ್ತೀವಿ’ ಎಂದು ಹೇಳಿ, ತಿರುಗಿ ನೋಡದೆ ಇಳಿದು ಹೋಗುತ್ತಾರೆ.

ಮರುದಿನ ಆ ಹಟ್ಟಿಯವರು ಯಾರೂ ದಿಬ್ಬ ಹತ್ತುವುದಿಲ್ಲ.